ಎಂಬತ್ತೆರಡನೇ ನಕ್ಷೆಯ ಬಾಗಿಲು

ಮಾರ್ಚ್ ೩

ಅಪ್ಪನಿಗೆ,

ನಿಮ್ಮ ಎಂಬತ್ನಾಲ್ಕನೇ ನಕ್ಷೆ ನಿನ್ನೆ ತಲುಪಿತು. ಟ್ಯೂಬಿನ ಒಂದು ತುದಿ ಜಜ್ಜಿಹೋಗಿದೆ, ಒಳಗಿನ ಹಾಳೆಗೆ ಏನೂ ಆಗಿಲ್ಲ.

ಈ ಪತ್ರವನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ಅದಕ್ಕೇ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಮ್ಮ ಭಾನುವಾರದ ಆಟಕ್ಕೆ ಇನ್ನು ಮೇಲೆ ಬರೆದು ಅಳಿಸುವ ಟೈಲ್ಸ್ ತಗೊಳ್ಳೋಣ ಅಂತ ಮಾತಾಗಿದೆ. ಶಾಲೆಯ ಬಿಳಿ ಬೋರ್ಡು ಇರುತ್ತದಲ್ಲ, ಅದೇ ಜಾತಿ. ಊಟದ ತಟ್ಟೆಯಷ್ಟು ಅಗಲದ ಚೌಕದ ತುಂಡುಗಳು, ಮೇಲೆ ಚದುರಂಗದ ಹಲಗೆಯ ಹಾಗೆ ಇಂಚಿಂಚಿನ ಮನೆಗಳು ಅಚ್ಚಾಗಿರುತ್ತವೆ. ಮಾರ್ಕರಿನಲ್ಲಿ ಗೋಡೆ, ಬಾಗಿಲು, ಹಳ್ಳ ಏನು ಬೇಕೋ ಬರೆದುಕೊಂಡು, ಗೊಂಬೆಗಳನ್ನಿಟ್ಟು ಕಾಳಗ ಮುಗಿಸಿ, ಬಟ್ಟೆಯಲ್ಲಿ ಒರೆಸಿಬಿಡುವುದು. ಮತ್ತೆ ಹೊಸ ಜಾಗ ಬರೆಯುವುದು.

ಕಾರಣ ಕೇಳುತ್ತೀರಿ, ಗೊತ್ತು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ನಾವು ಆಡುವ ಕೋಣೆಯ ಬೀರು ನಿಮ್ಮ ನಕ್ಷೆಗಳಿಂದಲೇ ತುಂಬಿಹೋಗಿದೆ. ಕಾಗದದ ಮೇಲೆ ಟೀ ಚೆಲ್ಲುತ್ತದೆ. ಆಟಗಾರರು ನಾನು ಅಂದುಕೊಂಡ ದಾರಿ ಬಿಟ್ಟು ಎಲ್ಲೆಲ್ಲೋ ಹೋಗುತ್ತಾರೆ, ಆಗ ಆ ಜಾಗದ ನಕ್ಷೆ ಕೈಯಲ್ಲಿರುವುದಿಲ್ಲ. ನೀವೂ ತಿಂಗಳು ತಿಂಗಳು ಕತ್ತು ಬಗ್ಗಿಸಿ ಕೂರುವುದು ಇನ್ನು ಸಾಕಲ್ಲವೇ?

ಎರಡು ಬಗೆಯ ಮಾದರಿಗಳನ್ನು ಪಾರ್ಸಲ್ ಮಾಡಿದ್ದೇನೆ. ಯಾವುದು ಒಳ್ಳೆಯದು ಅಂತ ನೀವೇ ಆರಿಸಿ ಬರೆಯಬೇಕು. ಇದು ನನ್ನ ಮಟ್ಟಿಗೆ ದೊಡ್ಡ ಕೆಲಸ. ಗೆರೆಯ ವಿಷಯದಲ್ಲಿ ನಿಮಗಿಂತ ತಿಳಿದವರು ನನಗೆ ಯಾರೂ ಗೊತ್ತಿಲ್ಲ.

ಡಾಕ್ಟರಮ್ಮ, ಲೆಕ್ಕದ ಮೇಷ್ಟ್ರು ಇಬ್ಬರೂ ನಿಮ್ಮನ್ನು ಕೇಳಿದರು. ಬಸ್ ಡ್ರೈವರು ಆರೇಳು ವಾರದಿಂದ ಬಂದಿಲ್ಲ, ಡ್ಯೂಟಿ ಬದಲಾಗಿದೆಯಂತೆ.

ನಿಮ್ಮ ಮಗಳು

*

ಮಾರ್ಚ್ ೧೧

ವಿಷಯ: ಅಳಿಸುವ ಟೈಲ್ಸ್ ಎಂಬ ಅಸಂಬದ್ಧ

ಮಗಳಿಗೆ,

ಪತ್ರ ಓದಿದೆ. ಎರಡು ಸಲ ಓದಿದೆ, ಯಾಕೆಂದರೆ ಮೊದಲ ಸಲ ನಂಬಲಿಲ್ಲ.

ನಾನು ಕತ್ತು ನೋವು ಅಂತ ಯಾವತ್ತಾದರೂ ಬರೆದಿದ್ದೆನಾ? ಬೇಜಾರು ಅಂದೆನಾ? ಏಳು ವರ್ಷದ ಹಿಂದೆ ನೀನು ಮೊದಲ ಸಲ ಈ ಆಟ ವಿವರಿಸಿದಾಗ, ಬೆಳೆದ ಮೂರು ಜನ ಮೇಜಿನ ಸುತ್ತ ಕೂತು, ಒಬ್ಬ ಯೋಧ, ಒಬ್ಬಳು ಮಂತ್ರವಾದಿ ಅಂತ ಪಾತ್ರ ಕಟ್ಟಿಕೊಂಡು, ದಾಳ ಉರುಳಿಸುತ್ತಾ ನೀನು ಹೇಳುವ ಕಥೆಯೊಳಗೆ ವರ್ಷಗಟ್ಟಲೆ ಓಡಾಡುತ್ತಾರೆ ಎಂದಾಗ, ನಾನು ನಕ್ಕೆನಾ? ನಿನ್ನ ಅಮ್ಮ ನಕ್ಕಳು. ನಾನು ಸ್ಕೇಲು ತೆಗೆದುಕೊಂಡು ಕೂತೆ. ಕೋಟೆ ಬೇಕು ಅಂದೆ, ಕೋಟೆ ಕೊಟ್ಟೆ. ಹಾಳುಬಿದ್ದ ಆಸ್ಪತ್ರೆ ಬೇಕು ಅಂದೆ, ಚರಂಡಿ ಸಮೇತ ಕೊಟ್ಟೆ. ತಿಂಗಳಿಗೊಂದರಂತೆ ಎಂಬತ್ನಾಲ್ಕು ನಕ್ಷೆ, ಒಂದಾದರೂ ತಡವಾಗಿದ್ದುಂಟಾ? ಈಗ ಬೀರು ತುಂಬಿತಂತೆ! ಬೀರು ತುಂಬಿದರೆ ಇನ್ನೊಂದು ಬೀರು ತಗೋಬೇಕು, ನಕ್ಷೆ ಬರೆಯುವವನನ್ನು ಹೊರಗೆ ಹಾಕುವುದಲ್ಲ.

ನೀರು ಸರಬರಾಜು ಕಚೇರಿಯ ನಕ್ಷೆ ಶಾಖೆಯಲ್ಲಿ ಮೂವತ್ತೊಂದು ವರ್ಷ ಕೂತವನು ನಾನು. ನನ್ನ ಗೆರೆ ನೋಡಿ ಜನ ರಸ್ತೆ ಅಗೆಯುತ್ತಿದ್ದರು. ಪೈಪು ಎಲ್ಲಿದೆ ಎಂದು ನಾನು ತೋರಿಸಿದ್ದೇನೋ ಪೈಪು ಅಲ್ಲೇ ಇರಬೇಕು. ಸಾಯಂಕಾಲ ಬಟ್ಟೆಯಲ್ಲಿ ಒರೆಸಿ, ನಾಳೆ ಬೇರೆ ಕಡೆ ಪೈಪು ಬರೆಯುತ್ತೇನೆ ಅಂದಿದ್ದರೆ ಊರಿಗೆ ಊರೇ ಬಾಯಾರಿ ಸಾಯುತ್ತಿತ್ತು. ಅಳಿಸುವುದಕ್ಕೆಂದೇ ಬರೆಯುವ ಗೆರೆಯನ್ನು ಗೆರೆ ಅಂತ ಕರೆಯುವುದಕ್ಕೂ ನನಗೆ ಮನಸ್ಸಿಲ್ಲ.

ಇರಲಿ. ಆರಿಸಿ ಕೊಡಿ ಅಂದಿದ್ದೀಯ, ಕೊಡುತ್ತೇನೆ. ಕೇಳಿದ ಕೆಲಸಕ್ಕೆ ಇಲ್ಲ ಅಂದ ಅಭ್ಯಾಸ ನನಗಿಲ್ಲ. ಪಾರ್ಸಲ್ ಬಂದ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ವರದಿ ಕಳಿಸುತ್ತೇನೆ. ಅದಾದ ಮೇಲೆ, ನಕ್ಷೆಯೇ ಬೇಡ ಎಂದಮೇಲೆ, ನಮ್ಮಿಬ್ಬರ ನಡುವೆ ಪತ್ರಕ್ಕೇನು ಕೆಲಸ? ನಿನ್ನ ಕ್ಷೇಮ ನಿನ್ನ ಅಮ್ಮನಿಗೆ ಫೋನಿನಲ್ಲಿ ತಿಳಿಯುತ್ತದೆ.

ನಿನ್ನ ತಂದೆ

*

ಮಾರ್ಚ್ ೨೯

ವಿಷಯ: ಮಾದರಿ ಒಂದು ಮತ್ತು ಎರಡರ ಪರೀಕ್ಷಾ ವರದಿ

ಮಗಳಿಗೆ,

ಹದಿಮೂರು ದಿನ ಪರೀಕ್ಷೆ ಮಾಡಿದ್ದೇನೆ. ಅಡುಗೆಮನೆಯ ಮೇಜನ್ನು ನಾನೇ ಹಿಡಿದುಕೊಂಡು ಕೂತಿದ್ದಕ್ಕೆ ನಿನ್ನ ಅಮ್ಮ ನಿಂತುಕೊಂಡೇ ಊಟ ಮಾಡಬೇಕಾಯಿತು. ಅದನ್ನು ದಿನಕ್ಕೆ ಮೂರು ಹೊತ್ತೂ ನನಗೆ ನೆನಪಿಸಿದಳು.

ಮಾದರಿ ಒಂದು ದಪ್ಪನೆಯದು, ಹೊಳಪಿಲ್ಲ. ಅಂಚಿನಲ್ಲಿ ಹಲ್ಲುಗಳಿವೆ, ಒಂದಕ್ಕೊಂದು ಕಚ್ಚಿಕೊಂಡು ಮೇಜಿನ ಮೇಲೆ ಅಲುಗದೆ ಕೂರುತ್ತದೆ. ಎರಡೂ ಬದಿಯಲ್ಲಿ ಬರೆಯಬಹುದು. ಕಪ್ಪು ಮಾರ್ಕರಿನ ಗೆರೆ ಒಂದು ಗಂಟೆ ಬಿಟ್ಟು ಒರೆಸಿದರೂ ಹೋಯಿತು, ಒಂದು ವಾರ ಬಿಟ್ಟು ಒರೆಸಿದರೂ ಹೋಯಿತು. ಕೆಂಪು ಹೋಗಲಿಲ್ಲ. ಒಂದು ವಾರ ಬಿಟ್ಟರೆ ಗುಲಾಬಿ ಕಲೆ ಉಳಿಯುತ್ತದೆ. ಒದ್ದೆ ಬಟ್ಟೆ, ಸೋಪು, ನಿನ್ನ ಅಮ್ಮ ಗಡಿಯಾರ ತೊಳೆಯುವ ಸ್ಪಿರಿಟ್ಟು, ಯಾವುದಕ್ಕೂ ಜಗ್ಗಲಿಲ್ಲ.

ಮಾದರಿ ಎರಡು ತೆಳ್ಳಗಿದೆ, ಸುರುಳಿ ಸುತ್ತಬಹುದು. ಇದೊಂದೇ ಅದರ ಗುಣ. ಕನ್ನಡಿಯ ಹಾಗೆ ಹೊಳೆಯುತ್ತದೆ, ಮೇಲಿನ ದೀಪವೆಲ್ಲ ಅದರೊಳಗೆ ಕಾಣುತ್ತದೆ. ಇನ್ನು ಒರೆಸುವುದಂತೂ ಬೇಡವೇ ಬೇಡ. ಅಂಗಿಯ ತೋಳು ತಾಗಿದರೆ ಸಾಕು, ಅರ್ಧ ಕೋಟೆ ತೋಳಿಗೆ ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಬರೆಯುವಾಗಲೇ ನೆತ್ತಿಗೇರುತ್ತಿದೆ. ಎರಡರಲ್ಲೂ ಅಚ್ಚು ತಪ್ಪಿದೆ. ಮನೆಗಳ ಗೆರೆಗಳು ಜೋಡಿಯಾಗಿ ಅಚ್ಚಾಗಿವೆ! ಒಂದು ಗೆರೆಯ ಪಕ್ಕದಲ್ಲೇ ಅದರ ನೆರಳಿನ ಹಾಗೆ ಇನ್ನೊಂದು ತೆಳು ಗೆರೆ. ಯಾವುದನ್ನು ಹಿಡಿದು ಅಳೆಯುವುದು? ಎಡದ್ದನ್ನು ಹಿಡಿದರೆ ಮನೆ ದೊಡ್ಡದು, ಬಲದ್ದನ್ನು ಹಿಡಿದರೆ ಚಿಕ್ಕದು. ಎರಡು ಬೇರೆ ಬೇರೆ ಕಂಪನಿಗಳು, ಎರಡೂ ಒಂದೇ ತಪ್ಪು ಮಾಡಿವೆ ಎಂದರೆ ಈಗಿನ ಕೆಲಸದ ಗುಣ ಎಷ್ಟು ಕೆಟ್ಟಿದೆ ನೋಡು.

ನಿನ್ನ ಅಮ್ಮ ಗಡಿಯಾರ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಾಕಿಕೊಂಡು ನೋಡಿ, "ಗೆರೆ ಒಂದೇ ಇದೆಯಲ್ರೀ" ಅಂದಳು. ನಲವತ್ತು ವರ್ಷ ಆ ಮುಳ್ಳು, ಆ ಹಲ್ಲುಚಕ್ರ ನೋಡಿ ನೋಡಿ ಅವಳ ಕಣ್ಣು ಕೆಟ್ಟಿದೆ ಪಾಪ. ಡಾಕ್ಟರಿಗೆ ತೋರಿಸು ಎಂದು ಹೇಳಿದ್ದೇನೆ. ನನ್ನ ಮುಖವನ್ನೇ ನೋಡಿ, ಭೂತಗನ್ನಡಿ ಒರೆಸಿ ಒಳಗಿಟ್ಟಳು.

ಪಾರ್ಸಲಿನೊಳಗೆ ಅಂಗಡಿಯವನ ವಿಳಾಸದ ಚೀಟಿ ಇತ್ತು. ಗಿರಾಕಿಗಳ ಕಣ್ಣಿಗೆ ಮಣ್ಣೆರಚಬೇಡಿ ಎಂದು ಅವನಿಗೂ ಖಾರವಾಗಿ ಒಂದು ಪತ್ರ ಹಾಕಿದ್ದೇನೆ. ಎರಡನ್ನೂ ವಾಪಸ್ ಮಾಡು.

ನಿನ್ನ ತಂದೆ

*

ಏಪ್ರಿಲ್ ೯

ಅಪ್ಪನಿಗೆ,

ಅಂಗಡಿಯವರು ಪ್ರಯೋಗಾಲಯಕ್ಕೇ ಫೋನ್ ಮಾಡಿದ್ದರು. ಹದಿನೈದು ಜನ ರಕ್ತ ಕೊಡಲು ಸಾಲಿನಲ್ಲಿ ಕೂತಿದ್ದರು, ನಾನು ಒಬ್ಬರ ತೋಳಿಗೆ ಸೂಜಿ ಚುಚ್ಚುತ್ತಿದ್ದೆ. "ನಿಮ್ಮ ತಂದೆ ನನ್ನನ್ನು ಮೋಸಗಾರ ಅಂತ ಬರೆದಿದ್ದಾರೆ, ನಾನೇನು ಮಾಡಿದೆ ಹೇಳಿ" ಅಂದರು. ಆ ಮನುಷ್ಯ ಮಾದರಿಗಳನ್ನು ಸುಮ್ಮನೆ, ವಿಶ್ವಾಸಕ್ಕೆ ಕೊಟ್ಟವರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಬರೆಯುವ ಮುಂಚೆ ನನ್ನನ್ನೊಂದು ಮಾತು ಕೇಳಬಾರದಿತ್ತೇ?

ನನ್ನ ಹತ್ತಿರವೂ ಅದೇ ಎರಡು ಬಗೆಯ ತುಂಡುಗಳಿವೆ. ಸ್ಕೇಲು ಇಟ್ಟು ನೋಡಿದೆ. ಸೂಕ್ಷ್ಮದರ್ಶಕದ ಕೆಳಗೂ ಇಟ್ಟು ನೋಡಿದೆ, ಪಕ್ಕದ ಮೇಜಿನವಳು ನನಗೇನೋ ಆಗಿದೆ ಅಂದುಕೊಂಡಳು. ಅಪ್ಪ, ಗೆರೆ ಒಂದೇ ಇದೆ. ಅಮ್ಮ ಹೇಳಿದ್ದು ಸರಿ.

ಕಣ್ಣಿನ ಡಾಕ್ಟರಿಗೆ ತೋರಿಸಬೇಕಾದವರು ಅಮ್ಮ ಅಲ್ಲ. ಇದನ್ನು ಬರೆಯುವುದಕ್ಕೆ ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಆದರೆ ತೋರಿಸಿ. ದಯವಿಟ್ಟು ತೋರಿಸಿ. ಟೈಲ್ಸ್ ಇನ್ನೂ ತಗೊಂಡಿಲ್ಲ. ಯಾವುದು ಎಂದು ನೀವು ಹೇಳುವ ತನಕ ತಗೊಳ್ಳುವುದೂ ಇಲ್ಲ.

ಬರೆಯಿರಿ. ಸಿಟ್ಟಿನಲ್ಲಾದರೂ ಸರಿ, ಬರೆಯಿರಿ.

ನಿಮ್ಮ ಮಗಳು

*

ಏಪ್ರಿಲ್ ೨೪

ಬಸ್ ಡಿಪೋ, ವಿಶ್ರಾಂತಿ ಕೋಣೆ

ಯಜಮಾನರಿಗೆ ನಮಸ್ಕಾರ.

ನಾನ್ಯಾರು ಅಂತ ನಿಮಗೆ ಗೊತ್ತಿರಲ್ಲ. ನಿಮ್ಮ ಮಗಳು ನಡೆಸೋ ಆಟದಲ್ಲಿ ಏಳು ವರ್ಷದಿಂದ ಆಡ್ತಿದ್ದ ಬಸ್ ಡ್ರೈವರ್ ನಾನು. ನನ್ನ ಪಾತ್ರದ ಹೆಸರು ಕೊಡಲಿ. ಹೆಸರು ಹೇಳಿದ ಹಾಗೇನೇ, ಕೈಯಲ್ಲಿ ಕೊಡಲಿ, ಮಾತು ಕಮ್ಮಿ. ನಿಮ್ಮ ನಕ್ಷೆ ಬರೋ ಟ್ಯೂಬಿನ ಮೇಲಿದ್ದ ವಿಳಾಸ ನೋಡಿ ಬರೀತಿದೀನಿ. ಅವರಿಗೆ ಹೇಳಿಲ್ಲ. ಮೂರು ತಿಂಗಳಿಂದ ಹೊಟ್ಟೆಯೊಳಗೆ ಇಟ್ಕೊಂಡು ಇಟ್ಕೊಂಡು ಸಾಕಾಯ್ತು.

ಜನವರೀಲಿ ನಿಮ್ಮ ಎಂಬತ್ತೆರಡನೇ ನಕ್ಷೆ ಆಡಿದ್ವಿ. ಕೋಟೆ ಕೆಳಗಿನ ನೆಲಮಾಳಿಗೆ, ಎರಡು ಹಾಳೆ ಪಕ್ಕಪಕ್ಕ ಇಟ್ಟು ಜೋಡಿಸೋದು. ನೀರು ಏರ್ತಾ ಇತ್ತು. ಡಾಕ್ಟರಮ್ಮನ ಪಾತ್ರಾನೂ ಮೇಷ್ಟ್ರ ಪಾತ್ರಾನೂ ಮೇಲೆ ಹತ್ತಿಸಿ ನಾನು ಕೊನೇಗೆ ಉಳ್ಕೊಂಡೆ. ಮೊದಲನೇ ಹಾಳೇಲಿ ಬಾಗಿಲು ಏಳನೇ ಮನೇಲಿತ್ತು. ಎಣಿಸ್ಕೊಂಡು ಓಡಿದೆ ಸ್ವಾಮಿ, ನಾನು ದಿನಾ ಬಸ್ ತಿರುಗಿಸೋನು, ನನಗೆ ಅಂದಾಜು ತಪ್ಪಲ್ಲ. ಬಾಗಿಲಿಗೆ ಬಂದೆ. ಎರಡನೇ ಹಾಳೇಲಿ ನೋಡಿದ್ರೆ ಅದೇ ಜಾಗದಲ್ಲಿ ಗೋಡೆ! ಬಾಗಿಲು ಎರಡು ಮನೆ ಆಚೆ, ಒಂಬತ್ತನೇ ಮನೇಲಿ. ನನಗೆ ಎರಡು ಹೆಜ್ಜೆ ಕಮ್ಮಿ ಬಿತ್ತು.

ನಮ್ಮ ಮೇಜಿನ ಮೇಲೆ ಒಂದೇ ಕಾನೂನು, ನಕ್ಷೇಲಿ ಇದ್ದಿದ್ದೇ ನಿಜ. ವಾದ ಮಾಡೋಂಗಿಲ್ಲ. ಸರಿ, ಆದ್ರೆ ಬಾಗಿಲು ಒಂದು ಕಡೆ ಏಳನೇ ಮನೆ, ಇನ್ನೊಂದು ಕಡೆ ಒಂಬತ್ತನೇ ಮನೆ ಅಂದ್ರೆ ಯಾವ ನಿಜ ತಗೊಳ್ಳೋದು? "ಬರೆಯೋವಾಗ ಅಪ್ಪ ತಪ್ಪಿರಬಹುದು ಅಲ್ವಾ" ಅಂತ ಮೆಲ್ಲಗೆ ಕೇಳ್ದೆ. ನಿಮ್ಮ ಮಗಳು ಹಾಳೆ ನೋಡಿದ್ರು. ನೋಡ್ತಾನೇ ಇದ್ರು. ಆಮೇಲೆ ಮುಖ ಕೆಂಪಗೆ ಮಾಡ್ಕೊಂಡು, "ನಮ್ಮಪ್ಪ ತಪ್ಪೋದಿಲ್ಲ. ಅಲ್ಲಿ ಗೋಡೆ ಇದೆ, ಗೋಡೆನೇ" ಅಂದ್ರು. ಕೊಡಲಿ ಮುಳುಗಿ ಸತ್ತ.

ಗೊಂಬೆ ಹೋದ್ರೆ ಏನಯ್ಯಾ ಅಂತ ನಮ್ಮ ಡಿಪೋದಲ್ಲಿ ನಗ್ತಾರೆ. ನನ್ನ ಹೆಂಡತಿ ತೀರ್ಕೊಂಡ ವರ್ಷ ನಾನು ಈ ಆಟ ಒಂದು ಬಿಟ್ಟು ಬೇರೆ ಎಲ್ಲೂ ಬಾಯಿ ಬಿಡ್ತಿರಲಿಲ್ಲ. ಅಲ್ಲೂ ನನ್ನ ಬಾಯಲ್ಲ, ಕೊಡಲಿ ಬಾಯಿ. ಅದು ನಿಮ್ಮ ಮಗಳಿಗೂ ಗೊತ್ತು. ಗೊತ್ತಿದ್ದೂ ಹಾಗಂದ್ರಲ್ಲ, ಅದು ನನಗೆ ಸಹಿಸೋಕೆ ಆಗ್ತಿಲ್ಲ. ಅವತ್ತೇ ದಾಳ ಅಲ್ಲೇ ಬಿಟ್ಟು ಎದ್ದು ಬಂದೆ.

ನನಗೆ ಬೇರೆ ಏನೂ ಬೇಡ ಸ್ವಾಮಿ. ಆ ಗೋಡೆ ನೀವು ಬೇಕು ಅಂತ ಬರೆದಿದ್ದಾ, ಅಲ್ವಾ? ಹೌದು ಅಂದ್ರೆ ನಾನು ಸುಮ್ಮನಾಗ್ತೀನಿ.

ಇಂತಿ,
ಕೊಡಲಿಯವನು

*

ಮೇ ೪

ವಿಷಯ: ನಕ್ಷೆ ಸಂಖ್ಯೆ ೮೨

ಮಗಳಿಗೆ,

ನಿನ್ನ ಡ್ರೈವರಿನ ಪತ್ರ ಬಂತು. ಡ್ಯೂಟಿ ಬದಲಾಗಿದೆಯಂತೆ! ಅಪ್ಪನ ಕಿವಿಗೆ ಹೂವಿಡುವುದನ್ನು ಎಲ್ಲಿ ಕಲಿತೆ?

ಪ್ರತಿ ನಕ್ಷೆಯ ಒಂದು ನಕಲನ್ನು ನಾನು ಇಟ್ಟುಕೊಂಡಿರುತ್ತೇನೆ, ಅದು ನಮ್ಮ ಕಚೇರಿಯ ಪದ್ಧತಿ. ಎಂಬತ್ತೆರಡನ್ನು ತೆಗೆದೆ. ನನಗೆ ಬಾಗಿಲು ಏಳನೇ ಮನೆಯಲ್ಲೇ ಕಂಡಿತು. ಮತ್ತೆ ಎಣಿಸಿದೆ, ಒಂಬತ್ತು ಬಂತು. ಮತ್ತೆ ಎಣಿಸಿದೆ, ಎಂಟು. ನಿನ್ನ ಅಮ್ಮನನ್ನು ಕರೆದು, "ಸುಮ್ಮನೆ ಓದು, ಏನೂ ಮಾತಾಡಬೇಡ" ಅಂದೆ. ಅವಳು ಭೂತಗನ್ನಡಿ ಹಾಕಿಕೊಂಡು ಒಂದೊಂದೇ ಮನೆ ಬೆರಳಿಟ್ಟು ಎಣಿಸಿದಳು. ಹಾಳೆ ಒಂದರಲ್ಲಿ ಏಳು, ಹಾಳೆ ಎರಡರಲ್ಲಿ ಒಂಬತ್ತು. ಆಮೇಲೆ ಎಂಬತ್ತು, ಎಂಬತ್ತೊಂದು, ಎಂಬತ್ತಮೂರು, ಎಂಬತ್ನಾಲ್ಕು ಎಲ್ಲವನ್ನೂ ಓದಿಸಿದೆ. ಎಲ್ಲಿಗೂ ಹೋಗದ ಮೆಟ್ಟಿಲು, ಒಂದನ್ನೊಂದು ದಾಟಿ ನಿಂತ ಗೋಡೆಗಳು. ನಿನ್ನ ಅಮ್ಮ ಮಾತಾಡಲಿಲ್ಲ. ಮಾತಾಡಿದ್ದರೇ ಚೆನ್ನಾಗಿತ್ತು.

ಮರುದಿನ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ವರ್ಷದ ಹಿಂದೆಯೇ ಬರಬೇಕಿತ್ತು ಅಂದರು. ಅದು ಹಾಗಿರಲಿ.

ನನ್ನ ಸಿಟ್ಟು ಪೊರೆಯ ಮೇಲಲ್ಲ, ನಿನ್ನ ಮೇಲೆ. ಆ ಬಾಗಿಲು ತಪ್ಪಿದೆ ಅಂತ ನಿನಗೆ ಆವತ್ತೇ ಕಂಡಿತು. ಕಂಡೂ ಗೋಡೆ ಅಂದೆ. ನೌಕರಿಯಲ್ಲಿದ್ದಾಗ ಒಂದು ಸಲ ವಾಲ್ವನ್ನು ರಸ್ತೆಯ ಎಡದ ಬದಲು ಬಲಕ್ಕೆ ತೋರಿಸಿಬಿಟ್ಟಿದ್ದೆ. ಕೂಲಿಯವರು ಎರಡು ದಿನ ಸುಮ್ಮನೆ ಅಗೆದರು. ಮೂರನೇ ದಿನ ನಾನು ಅದೇ ಹೊಂಡದ ಹತ್ತಿರ ಹೋಗಿ ನಿಂತು, ತಪ್ಪು ನನ್ನದು ಎಂದು ಹೇಳಿ, ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿ, ತಾರೀಕು ಹಾಕಿ, ಸಹಿ ಮಾಡಿದೆ. ಅವರು ಬೈದರು. ಬೈಸಿಕೊಂಡೆ. ಅದು ಮರ್ಯಾದೆ. ನನ್ನ ತಪ್ಪನ್ನು ಸರಿ ಅನ್ನಿಸುವುದಕ್ಕೋಸ್ಕರ ಅವರು ಇನ್ನೂ ಎರಡು ದಿನ ಅಗೆಯಲಿ ಅಂತ ಯಾರೂ ಬಿಡಲಿಲ್ಲ. ನೀನು ಬಿಟ್ಟೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ನಿನ್ನ ಮೇಜಿಗೆ ಬಂದು ಬಾಯಿ ಬಿಡುತ್ತಿದ್ದ, ಅವನನ್ನು ನನ್ನ ಒಂದು ಕೆಟ್ಟ ಗೆರೆಗೋಸ್ಕರ ಹೊರಗೆ ಕಳಿಸಿದೆ. ನನ್ನ ಹೆಸರು ಹೇಳಿ ಕಳಿಸಿದೆಯಲ್ಲ, ಅದು ನನ್ನ ಮೈಯೆಲ್ಲ ಉರಿಸುತ್ತಿದೆ.

ಕೆಳಗಿನದನ್ನು ಬರುವ ಭಾನುವಾರ ಮೇಜಿನ ಮುಂದೆ ನಿಂತು ಓದು. ಡ್ರೈವರನ್ನು ನೀನೇ ಹೋಗಿ ಕರೆದು ತಾ. ಅವನಿಲ್ಲದೆ ಓದಬೇಡ.

ತಿದ್ದುಪಡಿ. ನಕ್ಷೆ ಸಂಖ್ಯೆ ೮೨, ನೆಲಮಾಳಿಗೆ, ಹಾಳೆ ೨. ಬಾಗಿಲನ್ನು ಒಂಬತ್ತನೇ ಮನೆಯಲ್ಲಿ ತೋರಿಸಲಾಗಿದೆ. ಅದು ಏಳನೇ ಮನೆಯಲ್ಲಿರಬೇಕು. ಹಾಳೆ ೧ ಸರಿಯಿದೆ. ತಪ್ಪು ಬರೆದವನದು, ಓಡಿದವನದಲ್ಲ. ನಕ್ಷೆ ಬರೆದ ದಿನದಿಂದಲೇ ಈ ತಿದ್ದುಪಡಿ ಜಾರಿಯಲ್ಲಿದೆ ಎಂದು ತಿಳಿಯತಕ್ಕದ್ದು.

ಸಹಿ ಕೆಂಪು ಶಾಯಿಯಲ್ಲಿದೆ. ವಕ್ರವಾಗಿದೆ, ಆದರೆ ನನ್ನದೇ.

ನಿನ್ನ ತಂದೆ

*

ಮೇ ೧೨

ಅಪ್ಪನಿಗೆ,

ಓದಿದೆ. ನಿಂತುಕೊಂಡೇ ಓದಿದೆ.

ಡಿಪೋಗೆ ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕೂತಿದ್ದು ಅವರನ್ನು ಕರೆದು ತಂದೆ. ದಾರಿಯುದ್ದಕ್ಕೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. "ಓಡಿದವನದಲ್ಲ" ಎಂಬಲ್ಲಿಗೆ ಬಂದಾಗ ಎದ್ದು ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. ಲೆಕ್ಕದ ಮೇಷ್ಟ್ರು ಪೆನ್ನು ತೆಗೆದು ಮನೆ ಎಣಿಸಿ, "ಹಾಗಾದರೆ ಕೊಡಲಿ ಈಚೆ ಬಂದ, ಹೆಜ್ಜೆ ಲೆಕ್ಕಕ್ಕೆ ಸರಿಯಾಗಿದೆ" ಅಂದರು. ಡಾಕ್ಟರಮ್ಮ ಗೊಂಬೆಯನ್ನು ಬಾಗಿಲಿನಾಚೆ ಇಟ್ಟರು. ಡ್ರೈವರು ಹಿಂದಿರುಗಿ ಬಂದು ಕೂತು, "ಒದ್ದೆಯಾಗಿದೀನಿ, ಯಾರಾದ್ರೂ ಟವೆಲ್ ಕೊಡ್ರಪ್ಪಾ" ಅಂದರು. ನಾನು ಎಲ್ಲರ ಮುಂದೆ ಅವರ ಕ್ಷಮೆ ಕೇಳಿದೆ. "ನಿಮಗಿಂತ ನಿಮ್ಮಪ್ಪ ವಾಸಿ" ಅಂದರು. ಅಷ್ಟಕ್ಕೇ ಬಿಟ್ಟರು.

ಸರಿ, ನೀವು ಹೇಳಿದ್ದು ಮಾಡಿದ್ದೇನೆ. ಈಗ ನನ್ನ ಸಿಟ್ಟನ್ನೂ ಕೇಳಿಸಿಕೊಳ್ಳಿ.

ಮರ್ಯಾದೆ, ಮರ್ಯಾದೆ ಅಂತ ಎರಡು ಪುಟ ಬರೆದಿದ್ದೀರಿ. ನಾನು ನಿಮ್ಮ ಮರ್ಯಾದೆ ಕಾಯುವುದಕ್ಕೆ ಗೋಡೆ ಅಂದೆ ಎಂದುಕೊಂಡಿದ್ದೀರಾ? ನನಗೆ ಹೆದರಿಕೆಯಾಗಿತ್ತು ಅಪ್ಪ. ಹಾಸ್ಟೆಲಿನಲ್ಲಿ ಐದು ವರ್ಷ ಇದ್ದೆ. ಅಮ್ಮನ ಪತ್ರ ಪ್ರತಿ ವಾರ ಬರುತ್ತಿತ್ತು, ಕೊನೆಯಲ್ಲಿ "ಅಪ್ಪ ಕೇಳಿದರು" ಎಂದು ಅಮ್ಮನ ಅಕ್ಷರದಲ್ಲೇ ಇರುತ್ತಿತ್ತು. ನಿಮ್ಮ ಕೈಯಲ್ಲಿ ಒಂದು ಸಾಲಿಲ್ಲ. ಫೋನ್ ಮಾಡಿದರೆ "ಹೂಂ, ಚೆನ್ನಾಗಿದ್ದೀಯಾ, ಅಮ್ಮನಿಗೆ ಕೊಡ್ತೀನಿ", ಮುಗಿಯಿತು. ಇವತ್ತಿಗೂ ಅಷ್ಟೇ.

ಆಮೇಲೆ ಆಟಕ್ಕೊಂದು ಕೋಟೆ ಬರೆದುಕೊಡಿ ಎಂದು ಕೇಳಿದೆ. ಮೊದಲನೇ ನಕ್ಷೆಯ ಜೊತೆ ಒಂದು ಚೀಟಿ ಬಂತು, "ಮೆಟ್ಟಿಲು ಕಡಿದಾಗಿದೆ, ಹುಷಾರು" ಅಂತ. ಅಷ್ಟೇ. ಆ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ. ಹತ್ತನೇ ನಕ್ಷೆಗೆ ಅದು ಅರ್ಧ ಪುಟವಾಯಿತು, ಮೂವತ್ತನೇದಕ್ಕೆ ಎರಡು ಪುಟ. ಬಾವಿ ಎಲ್ಲಿರಬೇಕು, ಕಾವಲುಗಾರ ಎಲ್ಲಿ ಮಲಗುತ್ತಾನೆ, ಹೀಗೆ ಏನೇನೋ. ನನಗೆ ಮೂವತ್ತು ದಾಟಿದ ಮೇಲೆ ಅಪ್ಪ ಸಿಕ್ಕಿದರು, ಅದೂ ನಕ್ಷೆಯ ಜೊತೆ ಸುತ್ತಿಕೊಂಡು. ನೀವು ತಪ್ಪಿದ್ದೀರಿ ಅಂದರೆ ನಕ್ಷೆ ನಿಲ್ಲುತ್ತದೆ, ನಕ್ಷೆ ನಿಂತರೆ ಪತ್ರವೂ ನಿಲ್ಲುತ್ತದೆ. ಎಂಬತ್ತು, ಎಂಬತ್ತೊಂದನ್ನು ನಾನೇ ಸುಮ್ಮನೆ ತಿದ್ದಿಕೊಂಡೆ. ಎಂಬತ್ತೆರಡರ ತಪ್ಪು ಮಾತ್ರ ಆಟದ ನಡುವೆ, ಎಲ್ಲರ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅಂದದ್ದು ತಪ್ಪು, ಒಪ್ಪಿದೆ.

ಇನ್ನು ಟೈಲ್ಸ್. ಹೊಳಪಿಲ್ಲದ್ದು ಒಳ್ಳೆಯದು, ಹಲ್ಲಿರುವುದು ಅಲುಗಾಡುವುದಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು ಅಪ್ಪ. ಅಂಗಡಿಯಲ್ಲಿ ನಿಂತು ಐದು ನಿಮಿಷಕ್ಕೆ ಆರಿಸಬಹುದಿತ್ತು. ನಿಮ್ಮ ಕಣ್ಣಿಗೆ ತೊಂದರೆಯಾಗಬಾರದು, ಆದರೆ ನಾಲ್ಕು ಪತ್ರವಾದರೂ ನಡೆಯಲಿ ಅಂತ ಎರಡು ತುಂಡು ಕಟ್ಟಿ ಕಳಿಸಿದೆ. ನೀವು ಏನೆಂದಿರಿ? "ನಕ್ಷೆಯೇ ಬೇಡ ಎಂದಮೇಲೆ ಪತ್ರಕ್ಕೇನು ಕೆಲಸ" ಅಂದಿರಿ. ಆ ಸಾಲನ್ನು ಓದಿ ನಾನು ಪ್ರಯೋಗಾಲಯದ ಬಚ್ಚಲಲ್ಲಿ ನಿಂತು ಅತ್ತೆ. ಅದಕ್ಕೆ ತಿದ್ದುಪಡಿ ಕಳಿಸಿ, ನೋಡೋಣ.

ನಿಮ್ಮ ಮಗಳು

*

ಜೂನ್ ೧೯

ವಿಷಯ: ಇಲ್ಲ

ಮಗಳಿಗೆ,

ಬಲಗಣ್ಣಿನ ಪೊರೆ ತೆಗೆದು ಎರಡು ವಾರವಾಯಿತು. ಎಡಗಣ್ಣಿನದು ಮುಂದಿನ ತಿಂಗಳು. ನಾನು ಹೇಳುತ್ತೇನೆ, ನೀನು ಬರೆದುಕೋ ಎಂದರೆ ನಿನ್ನ ಅಮ್ಮ ಒಪ್ಪಲಿಲ್ಲ. "ನನ್ನ ಅಕ್ಷರ ಅವಳು ಬೇಕಾದಷ್ಟು ನೋಡಿದ್ದಾಳೆ" ಅಂದಳು. ಆದ್ದರಿಂದ ಸಾಲು ಏರಿಳಿದಿದ್ದರೆ ಸಹಿಸಿಕೋ.

ಈ ಪತ್ರಕ್ಕೆ ಮೂರು ದಿನದಿಂದ ಕೂತಿದ್ದೇನೆ. ಮೊದಲು ಸುಲಭದ್ದು ಮುಗಿಸುತ್ತೇನೆ. ಟೈಲ್ಸ್, ಮಾದರಿ ಒಂದು. ಕಪ್ಪು ಮಾರ್ಕರ್ ಮಾತ್ರ. ಗೆರೆ ಒಂದೇ ಇದೆ, ಅಚ್ಚು ಚೊಕ್ಕವಾಗಿದೆ. ಅಂಗಡಿಯವನಿಗೆ ಕ್ಷಮೆ ಕೇಳಿ ಬರೆದಿದ್ದೇನೆ. ಗೋಡೆಯನ್ನು ನೀನೇ ಬರೆ, ನಿನ್ನ ಕೈ ನೆಟ್ಟಗಿದೆ. ಇಷ್ಟರಲ್ಲಿ ನನ್ನ ಮಾತು ಮುಗಿಯಬೇಕು. ಹಿಂದೆಲ್ಲ ಇಷ್ಟಕ್ಕೇ ಮುಗಿಸುತ್ತಿದ್ದೆ.

ನನಗೆ ಸಿಟ್ಟು ಬಂದಿದೆ, ಅದನ್ನು ಹೇಳದೆ ಮುಂದೆ ಬರೆಯಲಾರೆ. ಅಪ್ಪನಿಗೆ ನಾಲ್ಕು ಸಾಲು ಬರೆಸಲು ಮಗಳು ಟೈಲ್ಸ್ ಪಾರ್ಸಲ್ ಮಾಡಬೇಕಾಯಿತೇ? ಒಬ್ಬ ಡ್ರೈವರು ನೀರಲ್ಲಿ ಮುಳುಗಬೇಕಾಯಿತೇ? ಎಂಥ ಮನುಷ್ಯ ಇವನು ಎಂದು ಯಾರ ಮೇಲಾದರೂ ಹರಿಹಾಯೋಣ ಎಂದರೆ ಇಲ್ಲಿ ನಾನೊಬ್ಬನೇ ಕೂತಿದ್ದೇನೆ. ನಿನ್ನ ಅಮ್ಮ ಅಂಗಡಿಗೆ ಹೋಗಿದ್ದಾಳೆ.

ಹಾಸ್ಟೆಲಿಗೆ ಬರೆಯಲಿಲ್ಲ ಅಂದೆ. ಕೂತಿದ್ದೆ, ಪುಟ್ಟಿ. ಹಾಳೆ ಹಾಕಿಕೊಂಡು ಪ್ರತಿ ಶನಿವಾರ ಕಚೇರಿಯಲ್ಲೇ ಕೂರುತ್ತಿದ್ದೆ. ಕಚೇರಿಯಲ್ಲಿ ಏನೇ ಬರೆದರೂ ಮೊದಲು ವಿಷಯ ಅಂತ ಬರೆದು, ಮುಂದೆ ಒಂದು ಸಾಲು ತುಂಬಬೇಕು. ನಿನಗೆ ಬರೆಯುವಾಗ ಆ ಸಾಲಿಗೆ ಏನು ತುಂಬಬೇಕು ಎಂದು ತಿಳಿಯುತ್ತಿರಲಿಲ್ಲ. ನಿನ್ನ ಮಂಚ ಇಲ್ಲಿ ಖಾಲಿಯಾಗಿದೆ ಎಂದು ತುಂಬಲೇ? ಅದನ್ನು ಬರೆಯುವ ಧೈರ್ಯವಿರಲಿಲ್ಲ. ಹಾಳೆ ಮಡಚಿಟ್ಟು ಪೈಪಿನ ನಕ್ಷೆ ತೆಗೆಯುತ್ತಿದ್ದೆ. "ಪತ್ರಕ್ಕೇನು ಕೆಲಸ" ಎಂದದ್ದಕ್ಕೆ ತಿದ್ದುಪಡಿ ಕಳಿಸು ಅಂದೆಯಲ್ಲ. ಕಳೆದುಹೋದ ವರ್ಷಗಳಿಗೆ ಜಾರಿಯಾಗುವ ತಿದ್ದುಪಡಿ ನನ್ನ ಕೈಯಲ್ಲಿಲ್ಲ. ಇವತ್ತಿನಿಂದ ಅಂತ ಬೇಕಾದರೆ ಬರೆದುಕೊಡುತ್ತೇನೆ.

ಇವತ್ತು ಬೆಳಿಗ್ಗೆ ನಿನಗೆ ಏನು ಬರೆಯುವುದು ಎಂದು ಯೋಚಿಸುತ್ತಿದ್ದಾಗ ಒಂದು ಮಾತು ಹೊಳೆಯಿತು. ಹೊಳೆದ ಮೇಲೆ ತಿಂಡಿ ಅಷ್ಟಕ್ಕೇ ಬಿಟ್ಟು ಎದ್ದೆ. ನಿನ್ನ ಎಂಬತ್ನಾಲ್ಕು ಜಾಗಗಳಲ್ಲಿ ಯಾವ ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕಾವಲುಗಾರ ತಲೆ ಎಲ್ಲಿಟ್ಟು ಮಲಗುತ್ತಾನೆ, ಎಲ್ಲವೂ ನನಗೆ ಬಾಯಿಪಾಠ. ನೀನು ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಮನೆ ಎಷ್ಟನೇ ಮಹಡಿಯಲ್ಲಿದೆ ಎಂದು ನನಗೆ ಗೊತ್ತಿಲ್ಲ. ನಾನು ಕೇಳಲೇ ಇಲ್ಲ.

ಬರೆ. ಕಿಟಕಿ ಎಷ್ಟು, ಯಾವ ಕಡೆಗೆ? ಊಟಕ್ಕೆ ಎಲ್ಲಿ ಕೂರುತ್ತೀಯ? ಬೆಳಗ್ಗೆ ಹೊರಡುವಾಗ ಬಾಗಿಲು ಎಳೆದುಕೊಳ್ಳುತ್ತೀಯೋ ತಳ್ಳುತ್ತೀಯೋ? ಯಾರಾದರೂ ಬಂದರೆ ಅವರಿಗೆ ಕೂರಲು ಜಾಗವಿದೆಯೇ? ಎಲ್ಲವನ್ನೂ ಬರೆ, ಒಂದನ್ನೂ ಬಿಡಬೇಡ. ಇದರ ನಕ್ಷೆ ನಾನು ಬರೆಯುವುದಿಲ್ಲ, ಬರೀ ಓದುತ್ತೇನೆ.

ನಿನ್ನ ಅಪ್ಪ